ಮೂರೇ ದಿನದ ಸಿನಿಮಾ: ಶಿವಮೊಗ್ಗ, ಮಲೆನಾಡಿನಲ್ಲಿ ಹೊಸ ಹಾಸ್ಯಚಿತ್ರ ಹಿಡಿಯುವ ಬಗೆ

ಸ್ಟಾರ್ ನಟರಿಲ್ಲದ ತಿಳಿಹಾಸ್ಯದ ಕನ್ನಡ ಸಿನಿಮಾ ಶಿವಮೊಗ್ಗಕ್ಕೆ ಬಂದರೆ ಅದಕ್ಕೆ ಸಾಮಾನ್ಯವಾಗಿ ಸಿಗುವುದು ದಿನಕ್ಕೆ ಒಂದೋ ಎರಡೋ ಶೋ. ಶುಕ್ರ, ಶನಿ, ಭಾನುವಾರ ಎಷ್ಟು ಸೀಟು ತುಂಬಿತು ಎಂದು ನೋಡಿ ಸೋಮವಾರ ಅದರ ಹಣೆಬರಹ ಬರೆಯುತ್ತಾರೆ. ‘ಚೆನ್ನಾಗಿದೆಯಂತೆ, ಮುಂದಿನ ವಾರ ಹೋದರಾಯ್ತು’ ಎಂದುಕೊಂಡವರು ಹೊರಡುವ ಹೊತ್ತಿಗೆ ಸಿನಿಮಾ ಊರು ಬಿಟ್ಟಿರುತ್ತದೆ. ಹೊಡೆದಾಟದ ದೊಡ್ಡ ಸಿನಿಮಾಕ್ಕೆ ಕಟೌಟು, ಹಾಲಿನ ಅಭಿಷೇಕ, ಟೀವಿ ಪ್ರಚಾರ ಎಲ್ಲ ಮೊದಲೇ ಆಗಿರುತ್ತದೆ. ಹಾಸ್ಯದ ಸಿನಿಮಾಕ್ಕೆ ಬಾಯಿಮಾತೇ ಪ್ರಚಾರ. ಬಾಯಿಮಾತು ತೀರ್ಥಹಳ್ಳಿ, ಹೊಸನಗರ ಮುಟ್ಟಲು ಒಂದು ವಾರ ಬೇಕು, ಥಿಯೇಟರು ಕೊಡುವುದು ಮೂರು ದಿನ.

ಇದರಲ್ಲಿ ಯಾರ ದ್ವೇಷವೂ ಇಲ್ಲ, ಬರೀ ಲೆಕ್ಕ. ಒಂಟಿ ಪರದೆಯ ಚಿತ್ರಮಂದಿರಗಳು ವಾರದ ಬಾಡಿಗೆಗೋ ಪರ್ಸೆಂಟೇಜಿಗೋ, ಅಂದರೆ ಗಳಿಕೆಯಲ್ಲಿ ಪಾಲಿಗೋ, ಸಿನಿಮಾ ಹಾಕಿಕೊಳ್ಳುತ್ತವೆ. ಬಾಡಿಗೆಯಾದರೆ ಗಳಿಕೆ ಬಾಡಿಗೆಗಿಂತ ಕೆಳಗಿಳಿದ ದಿನದಿಂದ ನಿರ್ಮಾಪಕ ಕೈಯಿಂದ ಹಣ ಹಾಕಬೇಕು. ಪರ್ಸೆಂಟೇಜಾದರೆ ಖಾಲಿ ಕುರ್ಚಿಗಳ ನಷ್ಟ ಥಿಯೇಟರಿನ ತಲೆಗೇ ಬರುತ್ತದೆ. ಮಲ್ಟಿಪ್ಲೆಕ್ಸಿನಲ್ಲಿ ಇನ್ನೂ ಚುರುಕು: ಶನಿವಾರ ಬೆಳಿಗ್ಗೆ ಖಾಲಿ ಓಡಿದ ಸಿನಿಮಾವನ್ನು ಭಾನುವಾರ ಚಿಕ್ಕ ಪರದೆಗೋ ಬೇಡದ ಹೊತ್ತಿಗೋ ತಳ್ಳುತ್ತಾರೆ. ಹಾಗಾಗಿ ಪ್ರೇಕ್ಷಕನ ಕೆಲಸವೂ ಶುಕ್ರವಾರಕ್ಕೆ ಮುಂಚೆಯೇ ಮುಗಿದಿರಬೇಕು. ವಾರಕ್ಕೆ ಅರ್ಧ ಗಂಟೆ ಎತ್ತಿಟ್ಟರೆ ಸಾಕು.

ಯಾವುದು ನಿಜವಾಗಿ ಬರುತ್ತದೆ, ಯಾವುದು ಬರೀ ಪೋಸ್ಟರು

ಕನ್ನಡದಲ್ಲಿ ಈಗ ವರ್ಷಕ್ಕೆ ಇನ್ನೂರರ ಆಸುಪಾಸು ಸಿನಿಮಾ ತೆರೆಗೆ ಬರುತ್ತವೆ. ಕೆಲವು ಶುಕ್ರವಾರ ಆರೇಳು ಒಟ್ಟಿಗೆ ಬಂದು ಒಂದರ ಕಾಲು ಇನ್ನೊಂದು ತುಳಿಯುತ್ತವೆ. ಎಲ್ಲದರ ಹಿಂದೆ ಓಡಲಾಗದು. ಮೊದಲು ದಿನಾಂಕ ಗಟ್ಟಿಯೋ ಸಡಿಲವೋ ತಿಳಿದುಕೊಳ್ಳಿ.

‘ಶೀಘ್ರದಲ್ಲಿ’, ‘ಈ ಬೇಸಿಗೆಗೆ’ ಎಂದು ಬರೆದ ಪೋಸ್ಟರನ್ನು ಲೆಕ್ಕಕ್ಕೆ ಹಿಡಿಯಬೇಡಿ. ದಿನಾಂಕ ಹಾಕಿದ್ದರೆ ಮೂರು ಸಂಗತಿ ನೋಡಿ. ಒಂದು, ಸೆನ್ಸಾರ್ ಆಗಿದೆಯೇ. ಸೆನ್ಸಾರ್ ಆದ ದಿನ ಚಿತ್ರತಂಡ ಸರ್ಟಿಫಿಕೇಟಿನ ಗುರುತು ಹಾಕಿದ ಹೊಸ ಪೋಸ್ಟರ್ ಬಿಡುವುದು ವಾಡಿಕೆ. ಪ್ರಮಾಣೀಕರಣ ಮಂಡಳಿಯ ಜಾಲತಾಣದಲ್ಲೂ ಹೆಸರು ಹಾಕಿ ಹುಡುಕಬಹುದು. ಬಿಡುಗಡೆಗೆ ಹತ್ತು ದಿನ ಉಳಿದರೂ ಸೆನ್ಸಾರ್ ಸುದ್ದಿ ಇಲ್ಲವೆಂದರೆ ಮುಂದೆ ಹೋಗುವ ಸಾಧ್ಯತೆಯೇ ಹೆಚ್ಚು. ಎರಡು, ಪೋಸ್ಟರಿನ ಕೆಳಸಾಲಿನಲ್ಲಿ ವಿತರಕರ ಹೆಸರಿದೆಯೇ. ಗುರುತಿರುವ ವಿತರಣಾ ಸಂಸ್ಥೆ ಕೈಹಾಕಿದ್ದರೆ ಜಿಲ್ಲಾ ಕೇಂದ್ರಗಳಿಗೂ ಬರುತ್ತದೆ. ನಿರ್ಮಾಪಕರೇ ಬಿಡುಗಡೆ ಮಾಡುತ್ತಿದ್ದರೆ ಬೆಂಗಳೂರು, ಮೈಸೂರಿಗೇ ನಿಂತುಬಿಡಬಹುದು. ಮೂರು, ಅದೇ ಶುಕ್ರವಾರ ಯಾವ ದೊಡ್ಡ ಹೆಸರು ಬರುತ್ತಿದೆ. ದೊಡ್ಡ ಸಿನಿಮಾ ಬಂತೆಂದರೆ ಚಿಕ್ಕದು ಒಂದೋ ವಾರ ಹಿಂದೆ ಸರಿಯುತ್ತದೆ, ಇಲ್ಲವೇ ಬೆಳಗಿನ ಶೋ ಒಂದನ್ನೇ ಹಿಡಿದು ತೃಪ್ತಿಪಡುತ್ತದೆ. ಸಂಕ್ರಾಂತಿ, ಯುಗಾದಿ, ಗಣೇಶ ಚೌತಿ, ದಸರಾ, ಕ್ರಿಸ್‌ಮಸ್ ವಾರಗಳು ದೊಡ್ಡವರದ್ದು. ತಿಳಿಹಾಸ್ಯ ಬರುವುದು ಈ ಹಬ್ಬಗಳ ನಡುವಿನ ಸಪ್ಪೆ ವಾರಗಳಲ್ಲಿ. ಮಾರ್ಚ್‌ನಿಂದ ಮೇ ತನಕ ಐಪಿಎಲ್, ಅದರ ಆರಂಭಕ್ಕೆ ಸೇರಿಕೊಂಡು ಪರೀಕ್ಷೆಗಳು. ಆ ಹೊತ್ತಿನಲ್ಲಿ ಧೈರ್ಯ ಮಾಡಿ ಬಂದ ಸಿನಿಮಾಕ್ಕೆ ಶೋ ಸುಲಭವಾಗಿ ಸಿಗುತ್ತದೆ, ಜನ ಸಿಗುವುದಿಲ್ಲ.

ಸುದ್ದಿಗೆ ಎಲ್ಲೆಲ್ಲೋ ಅಲೆಯಬೇಕಿಲ್ಲ. ಬುಕ್‌ಮೈಶೋದಲ್ಲಿ ಊರನ್ನು ಶಿವಮೊಗ್ಗ ಎಂದೇ ಇಟ್ಟು, ಮುಂದೆ ಬರುವ ಸಿನಿಮಾಗಳ ಪುಟದಲ್ಲಿ ಬೇಕಾದವಕ್ಕೆ ‘ಆಸಕ್ತಿ ಇದೆ’ ಗುಂಡಿ ಒತ್ತಿ. ಬುಕಿಂಗ್ ತೆರೆದಾಗ ಫೋನಿಗೆ ಸೂಚನೆ ಬರುತ್ತದೆ. ಊರನ್ನು ಬೆಂಗಳೂರಿಗೆ ಇಟ್ಟುಕೊಂಡವರು ನಮ್ಮಲ್ಲಿಗೆ ಬಾರದ ಸಿನಿಮಾಕ್ಕೂ ಕಾಯುತ್ತ ಕೂರಬೇಕಾಗುತ್ತದೆ. ಆಡಿಯೊ ಕಂಪನಿಗಳ ಯೂಟ್ಯೂಬ್ ಚಾನೆಲ್ ಎರಡು ಮೂರನ್ನು ಹಿಂಬಾಲಿಸಿದರೆ ಹಾಡು, ಟೀಸರು, ಟ್ರೇಲರು ತಾವಾಗಿ ಕಣ್ಣಿಗೆ ಬೀಳುತ್ತವೆ. ಶುಕ್ರವಾರದ ಪತ್ರಿಕೆಯ ಜಾಹೀರಾತಿನ ಬುಡದಲ್ಲಿ ಇರುವೆ ಸಾಲಿನಂತೆ ಅಚ್ಚಾಗಿರುವ ಚಿತ್ರಮಂದಿರಗಳ ಪಟ್ಟಿಯನ್ನು ಮಾತ್ರ ಬಿಡಬೇಡಿ. ಆನ್‌ಲೈನಿನಲ್ಲಿ ಟಿಕೆಟ್ ಮಾರದ ತಾಲ್ಲೂಕಿನ ಥಿಯೇಟರುಗಳ ಹೆಸರು ಕಾಣುವುದು ಅಲ್ಲಿ, ಇಲ್ಲವೇ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ.

ಟ್ರೇಲರನ್ನು ಅಳೆಯುವುದು

ಎಲ್ಲಕ್ಕಿಂತ ಹೆಚ್ಚು ಹಣ, ಹೊತ್ತು ಉಳಿಸುವ ಕೆಲಸ ಇದು. ಹಾಸ್ಯಚಿತ್ರದ ಟ್ರೇಲರ್ ಸುಳ್ಳು ಹೇಳುವಷ್ಟು ಬೇರೆ ಟ್ರೇಲರ್ ಹೇಳುವುದಿಲ್ಲ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಎರಡೂವರೆ ನಿಮಿಷ ನಗಿಸುವ ಸರಕು ಎಂಥವರ ಬಳಿಯೂ ಇರುತ್ತದೆ.

ಒಂದು ಸಲ ಹಾಗೇ ನೋಡಿ, ಆಮೇಲೆ ಬಟ್ಟೆ ನೋಡಲಿಕ್ಕೆಂದೇ ಇನ್ನೊಂದು ಸಲ ನೋಡಿ. ನಗು ಬರಿಸಿದ ತುಣುಕುಗಳಲ್ಲೆಲ್ಲ ನಾಯಕ ಒಂದೇ ಅಂಗಿ ಹಾಕಿದ್ದಾನೆಯೇ? ಎಲ್ಲವೂ ಒಂದೇ ಮದುವೆ ಮನೆಯಲ್ಲೋ ಒಂದೇ ಪೊಲೀಸ್ ಠಾಣೆಯಲ್ಲೋ ನಡೆಯುತ್ತಿದೆಯೇ? ಹಾಗಿದ್ದರೆ ಸಿನಿಮಾದಲ್ಲಿ ಇರುವುದು ಒಂದೋ ಎರಡೋ ಹಾಸ್ಯದ ದೃಶ್ಯ, ಅವನ್ನೇ ಕತ್ತರಿಸಿ ಹರವಿದ್ದಾರೆ. ಬೇರೆ ಬೇರೆ ಜಾಗ, ಹಗಲು, ರಾತ್ರಿ, ಮಳೆ, ಬಿಸಿಲು ಎಲ್ಲದರಲ್ಲೂ ನಗು ಹರಡಿಕೊಂಡಿದ್ದರೆ ಒಳ್ಳೆಯ ಲಕ್ಷಣ.

ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿ. ಪ್ರತಿ ಮಾತಿನ ಕೊನೆಗೂ ‘ಟೊಂಯ್’ ಎನ್ನುವ ಸದ್ದು, ಇಲ್ಲವೇ ಹಿನ್ನೆಲೆಯಲ್ಲಿ ತಮಟೆ ಬಡಿದು ‘ಇದು ಜೋಕು, ನಗಿ’ ಎಂದು ಹೇಳುತ್ತಿದ್ದರೆ ಮಾಡಿದವರಿಗೇ ತಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ. ಮಾತಾದ ಮೇಲೆ ಅರೆಕ್ಷಣ ಮೌನ ಬಿಟ್ಟು, ಎದುರಿಗಿದ್ದವನ ಮುಖ ತೋರಿಸುವ ಟ್ರೇಲರಿನ ಹಿಂದೆ ಹಾಸ್ಯ ಬಲ್ಲ ಎಡಿಟರ್ ಇದ್ದಾನೆ. ನಗು ಹುಟ್ಟುವುದು ಮಾತಾಡಿದವನಿಂದಲ್ಲ, ಕೇಳಿಸಿಕೊಂಡವನ ಮುಖದಿಂದ. 90ರ ದಶಕದ ಆರಂಭದಲ್ಲಿ ಫಣಿ ರಾಮಚಂದ್ರ ನಿರ್ದೇಶನದ ಸಿನಿಮಾಗಳಲ್ಲಿ ಅನಂತನಾಗ್ ಪೇಚಿಗೆ ಸಿಕ್ಕಾಗ ಸುಮ್ಮನೆ ನಿಂತು ನೋಡುವುದಿದೆಯಲ್ಲ, ಅಷ್ಟಕ್ಕೇ ಜನ ಬಿದ್ದು ಬಿದ್ದು ನಗುತ್ತಿದ್ದರು. ಅಳತೆಗೋಲಾಗಿ ಅದನ್ನೇ ಇಟ್ಟುಕೊಳ್ಳಿ.

ನಗಿಸುವ ಮಾತುಗಳೆಲ್ಲ ಯಾರ ಬಾಯಲ್ಲಿವೆ ಎಂಬುದನ್ನೂ ಗಮನಿಸಿ. ಪಕ್ಕದ ಹಾಸ್ಯನಟ ಒಬ್ಬನೇ ಮಾತಾಡುತ್ತಿದ್ದು ನಾಯಕ ನಾಯಕಿ ಬರೀ ಹಾಡಿನಲ್ಲಿ ಕಂಡರೆ ಅದು ಕಾಮಿಡಿ ಟ್ರ್ಯಾಕ್ ಅಂಟಿಸಿದ ಪ್ರೇಮಕತೆ. ಕತೆಯೇ ಹಾಸ್ಯದ್ದಾದರೆ ನಾಯಕನೇ ಪೇಚಿಗೆ ಸಿಕ್ಕಿರುತ್ತಾನೆ. ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ ಬಣ್ಣ ಕಪ್ಪಾಗಿ, ಚಾಕುವೋ ಹೆಣವೋ ಕಂಡರೆ ಅದು ಡಾರ್ಕ್ ಕಾಮಿಡಿ. ಚೆನ್ನಾಗಿರಬಹುದು, ಆದರೆ ಅಜ್ಜಿಯನ್ನು ಕರೆದುಕೊಂಡು ಹೋಗುವ ಸಿನಿಮಾ ಅಲ್ಲ. ಇನ್ನೊಂದು ಎಚ್ಚರಿಕೆ ನಮ್ಮವರಿಗೇ: ಹಂಚಿನ ಮನೆ, ಪಾಚಿಗಟ್ಟಿದ ಗೋಡೆ, ಜಡಿಮಳೆ ಕಂಡಿತೆಂದು ‘ನಮ್ಮ ಕಡೆಯ ತಮಾಷೆ ಸಿನಿಮಾ’ ಎಂದು ಹಿಗ್ಗಬೇಡಿ. ಈಚೆಗೆ ಮಲೆನಾಡು ಪರದೆಯ ಮೇಲೆ ಬಂದರೆ ಬಹುಮಟ್ಟಿಗೆ ಯಾರೋ ಸತ್ತಿರುತ್ತಾರೆ.

ವೀಕ್ಷಣೆಯ ಸಂಖ್ಯೆಯನ್ನು ನಂಬಬೇಡಿ. ಜಾಹೀರಾತಾಗಿ ಓಡಿಸಿದ ಟ್ರೇಲರಿನ ನೋಟಗಳೂ ಅದರಲ್ಲಿ ಸೇರುತ್ತವೆ. ಕಮೆಂಟುಗಳಲ್ಲಿ ‘ಆಲ್ ದಿ ಬೆಸ್ಟ್ ಟೀಮ್’ ಎಂಬುವೆಲ್ಲ ಬಂಧುಬಳಗ. ‘1:12ಕ್ಕೆ ನಕ್ಕು ಸಾಕಾಯ್ತು’ ಎಂದು ಹೊತ್ತು ಹಾಕಿ ಬರೆದವು ಹತ್ತಾರು ಇದ್ದು, ಬೇರೆ ಬೇರೆ ಹೊತ್ತನ್ನು ತೋರಿಸುತ್ತಿದ್ದರೆ ಅದಕ್ಕೆ ಬೆಲೆ ಕೊಡಿ. ಕಡೆಯದಾಗಿ ಸಂಭಾಷಣೆ ಬರೆದವರು ಯಾರು ನೋಡಿ, ಅವರ ಹಿಂದಿನ ಕೆಲಸ ಹುಡುಕಿ. ಹಾಸ್ಯಚಿತ್ರ ನಿಲ್ಲುವುದು ನಾಯಕನ ಮೇಲಲ್ಲ, ಸಂಭಾಷಣೆಕಾರ ಮತ್ತು ಎಡಿಟರ್ ಮೇಲೆ.

ಭಾಷೆಯ ಸೊಗಡೂ ಒಂದು ಲೆಕ್ಕ. ಕುಂದಾಪುರದ ಕನ್ನಡ, ಮಂಗಳೂರಿನ ಕನ್ನಡ ಘಟ್ಟದ ಮೇಲಿನವರ ಕಿವಿಗೆ ಹತ್ತಿರ. ಓಡಾಟ, ನೆಂಟಸ್ತನ ಎರಡೂ ಇವೆ. ಧಾರವಾಡದ ಕಡೆಯ ಮಾತು ಸೊರಬ, ಶಿಕಾರಿಪುರದವರಿಗೆ ಸಲೀಸು, ಕೊಪ್ಪ, ಶೃಂಗೇರಿಯವರಿಗೆ ಮೊದಲ ಹತ್ತು ನಿಮಿಷ ಕಷ್ಟ. ಮಾತಿನಲ್ಲೇ ಹಾಸ್ಯವಿರುವ ಸಿನಿಮಾಕ್ಕೆ ಆ ಹತ್ತು ನಿಮಿಷ ತಪ್ಪಿಹೋಗಬಾರದು. ಹಾಗಾಗಿ ಅಂಥದ್ದಕ್ಕೆ ತಡವಾಗಿ ನುಗ್ಗುವ ಅಭ್ಯಾಸ ಬಿಡಿ.

ಸರ್ಟಿಫಿಕೇಟು, ಉದ್ದ

2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯ ನಂತರ ಹಳೆಯ ಯುಎ ಒಡೆದು ಮೂರಾಗಿದೆ: ಯುಎ 7+, ಯುಎ 13+, ಯುಎ 16+. ಇವು ಹೆತ್ತವರಿಗೆ ಕೊಡುವ ಸೂಚನೆ ಮಾತ್ರ. ದೊಡ್ಡವರ ಜೊತೆ ಬಂದ ಹತ್ತು ವರ್ಷದ ಮಗುವನ್ನು ಯುಎ 13+ ಸಿನಿಮಾದ ಬಾಗಿಲಲ್ಲಿ ತಡೆಯುವಂತಿಲ್ಲ. ಹದಿನೆಂಟರ ಒಳಗಿನವರಿಗೆ ಪ್ರವೇಶವೇ ಇಲ್ಲದಿರುವುದು ‘ಎ’ಗೆ. ಹಾಸ್ಯಚಿತ್ರಕ್ಕೆ ಯುಎ 16+ ಬಂದಿದ್ದರೆ ದ್ವಂದ್ವಾರ್ಥವೋ ಬೈಗುಳವೋ ಕುಡಿತದ ದೃಶ್ಯವೋ ದಟ್ಟವಾಗಿದೆ ಎಂದು ತಿಳಿದು, ಮನೆಮಂದಿಯನ್ನೆಲ್ಲ ಒಯ್ಯುವ ಮುನ್ನ ಒಬ್ಬರು ಹೋಗಿ ನೋಡಿ ಬನ್ನಿ.

ಉದ್ದವನ್ನು ಬುಕಿಂಗ್ ಪುಟದಲ್ಲೇ ಹಾಕಿರುತ್ತಾರೆ. ಎರಡು ಗಂಟೆಯಿಂದ ಎರಡೂಕಾಲು ಗಂಟೆ ತಿಳಿಹಾಸ್ಯಕ್ಕೆ ಹದ. ಎರಡು ಗಂಟೆ ನಲವತ್ತು ನಿಮಿಷ ದಾಟಿದ್ದರೆ ಇಂಟರ್ವಲ್ ನಂತರ ತಾಯಿ ಸೆಂಟಿಮೆಂಟೋ ಫೈಟೋ ಖಾತ್ರಿ.

ಬುಧವಾರ, ಗುರುವಾರ: ಟಿಕೆಟ್

ಚಿಕ್ಕ ಸಿನಿಮಾಗಳ ಬುಕಿಂಗ್ ಶಿವಮೊಗ್ಗದಲ್ಲಿ ತೆರೆಯುವುದು ಸಾಮಾನ್ಯವಾಗಿ ಬುಧವಾರ ರಾತ್ರಿಯಿಂದ ಗುರುವಾರ ಸಂಜೆಯ ಒಳಗೆ. ಗುರುವಾರ ರಾತ್ರಿಯಾದರೂ ಶೋ ಕಾಣದಿದ್ದರೆ ನಿರಾಶರಾಗಬೇಡಿ, ಶುಕ್ರವಾರ ಬೆಳಿಗ್ಗೆ ಇನ್ನೊಮ್ಮೆ ನೋಡಿ. ವಿತರಕರಿಗೂ ಥಿಯೇಟರಿಗೂ ಚೌಕಾಸಿ ಕೊನೆಯ ಗಳಿಗೆವರೆಗೆ ನಡೆಯುತ್ತಿರುತ್ತದೆ. ಡಿಸ್ಟ್ರಿಕ್ಟ್ ಆ್ಯಪ್‌ನಲ್ಲೂ ಹುಡುಕಿ. ಪೇಟಿಎಂನ ಸಿನಿಮಾ ಟಿಕೆಟ್ ವ್ಯವಹಾರವನ್ನು 2024ರಲ್ಲಿ ಜೊಮಾಟೊ ಕೊಂಡ ಮೇಲೆ ಅದು ಅಲ್ಲಿಗೆ ಸೇರಿದೆ. ಒಂದು ಆ್ಯಪ್‌ನಲ್ಲಿ ಇಲ್ಲದ ಥಿಯೇಟರ್ ಇನ್ನೊಂದರಲ್ಲಿ ಸಿಗುವುದುಂಟು.

ದರದ ವಿಚಾರ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿ ಮತ್ತು ಅದಕ್ಕಿಂತ ಕಡಿಮೆಯ ಟಿಕೆಟಿಗೆ ಜಿಎಸ್‌ಟಿ ಶೇಕಡಾ 5, ಅದಕ್ಕಿಂತ ಮೇಲಿನದಕ್ಕೆ ಶೇಕಡಾ 18. ಆನ್‌ಲೈನಿನಲ್ಲಿ ಕೊಂಡರೆ ಟಿಕೆಟಿಗೊಂದರಂತೆ ಸೇವಾಶುಲ್ಕ, ಆ ಶುಲ್ಕದ ಮೇಲೆ ಮತ್ತೆ ತೆರಿಗೆ. ಐದು ಜನ ಹೊರಟರೆ ಅದೇ ಹಣದಲ್ಲಿ ಎಲ್ಲರ ಮಂಡಕ್ಕಿ, ಮಿರ್ಚಿಯ ಖರ್ಚು ಕಳೆಯುತ್ತದೆ. ಆದ್ದರಿಂದ ಒಂಟಿ ಪರದೆಯ ಥಿಯೇಟರಿನಲ್ಲಿ ಚಿಕ್ಕ ಸಿನಿಮಾವಾದರೆ ಕೌಂಟರಿನಲ್ಲೇ ಕೊಳ್ಳಿ, ಸೀಟು ಇದ್ದೇ ಇರುತ್ತದೆ. ಭಾನುವಾರದ ಮಲ್ಟಿಪ್ಲೆಕ್ಸಿಗೆ ಮಾತ್ರ ಮುಂಗಡ ಮಾಡಿ.

ಸೀಟಿನ ನಕ್ಷೆ ವಿಮರ್ಶೆಗಿಂತ ಚೆನ್ನಾಗಿ ಮಾತಾಡುತ್ತದೆ. ಶುಕ್ರವಾರ ಬೆಳಗಿನ ಶೋ ಮುಗಿಸಿ ಹೊರಬಂದವರ ಮುಖಕ್ಕೆ ಮೈಕು ಹಿಡಿದ ವಿಡಿಯೊಗಳಲ್ಲಿ ಎಲ್ಲ ಸಿನಿಮಾವೂ ಸೂಪರ್. ಅದನ್ನು ಬಿಟ್ಟು, ಶನಿವಾರದ ಮ್ಯಾಟ್ನಿ ನಕ್ಷೆಯನ್ನು ಶುಕ್ರವಾರ ರಾತ್ರಿ ಒಮ್ಮೆ, ಶನಿವಾರ ಬೆಳಿಗ್ಗೆ ಇನ್ನೊಮ್ಮೆ ತೆರೆದು ನೋಡಿ. ನಡುವೆ ಎರಡೆರಡು, ನಾಲ್ಕುನಾಲ್ಕು ಸೀಟು ಚದುರಿ ತುಂಬಿದ್ದರೆ ಕುಟುಂಬಗಳು ಬರುತ್ತಿವೆ, ಬಾಯಿಮಾತು ಹಬ್ಬಿದೆ ಎಂದರ್ಥ. ಒಂದೇ ಸಾಲು ಪೂರ್ತಿ ಒಮ್ಮೆಗೇ ಹೋಗಿದ್ದರೆ ಅದು ಚಿತ್ರತಂಡದವರೋ ಕಾಲೇಜಿನ ಗುಂಪೋ. ಅದರಿಂದ ಏನೂ ತಿಳಿಯುವುದಿಲ್ಲ.

ಯಾವ ಶೋ, ಯಾವ ಕುರ್ಚಿ

ಮಾರ್ನಿಂಗ್ ಶೋ ಸಾಮಾನ್ಯವಾಗಿ ಹತ್ತೂವರೆಯ ಹೊತ್ತಿಗೆ, ಮ್ಯಾಟ್ನಿ ಒಂದೂವರೆಗೆ, ಮುಂದಿನವು ನಾಲ್ಕೂವರೆ, ಏಳೂವರೆಯ ಸುಮಾರಿಗೆ. ಹಾಸ್ಯಕ್ಕೆ ಶನಿವಾರ ಸಂಜೆಯದು ಅಥವಾ ಭಾನುವಾರದ ಮ್ಯಾಟ್ನಿ ಒಳ್ಳೆಯದು. ನಗು ಅಂಟುಜಾಡ್ಯ, ಹತ್ತು ಜನರಿರುವ ಮುನ್ನೂರು ಕುರ್ಚಿಯ ಹಾಲಿನಲ್ಲಿ ಎಂಥ ಜೋಕೂ ನೆಲಕ್ಕೆ ಬೀಳುತ್ತದೆ. ಅರ್ಧದಿಂದ ಮುಕ್ಕಾಲು ತುಂಬಿದ ಹಾಲು ಹದ. ಕಿಕ್ಕಿರಿದಿದ್ದರೆ ಒಂದು ಜೋಕಿನ ನಗುವಿನಲ್ಲಿ ಮುಂದಿನ ಜೋಕು ಮುಳುಗಿಹೋಗುತ್ತದೆ.

ಸಂಭಾಷಣೆ ಹೊರಡುವುದು ಪರದೆಯ ಹಿಂದೆ, ನಟ್ಟನಡುವೆ ಇರುವ ಸ್ಪೀಕರಿನಿಂದ. ಆದ್ದರಿಂದ ಮಾತು ಸ್ಪಷ್ಟವಾಗಿ ಬೇಕೆಂದರೆ ಸಾಲಿನ ನಡುವೆ, ಪರದೆಯಿಂದ ಹಾಲಿನ ಉದ್ದದ ಮೂರನೇ ಎರಡು ಭಾಗ ಹಿಂದಕ್ಕೆ ಕೂರಿ. ಹಳೆಯ ಥಿಯೇಟರುಗಳಲ್ಲಿ ಬಾಲ್ಕನಿಯ ಕೆಳಗೆ ಸೇರಿಕೊಂಡ ಹಿಂದಿನ ಸಾಲುಗಳಿಗೆ ಹೋಗಬೇಡಿ, ಅಲ್ಲಿ ಸದ್ದು ಗುಂಯ್ಗುಟ್ಟಿ ಮಾತು ಕಲಸಿಕೊಳ್ಳುತ್ತದೆ. ಬಾಲ್ಕನಿ ಸಿಕ್ಕರೆ ಅದರ ಮೊದಲ ಎರಡು ಸಾಲು ಉತ್ತಮ. ಮಳೆಗಾಲದಲ್ಲಿ ಇನ್ನೊಂದು ತೊಡಕು: ತಗಡಿನ ಮಾಡಿನ ಥಿಯೇಟರಾದರೆ ಜುಲೈ ಮಳೆ ಹೊಯ್ಯುವಾಗ ಮಾಡಿನ ಸದ್ದಿಗೆ ಪಿಸುಮಾತಿನ ಹಾಸ್ಯ ಕೇಳಿಸುವುದೇ ಇಲ್ಲ. ಮಾತಿನ ಸಿನಿಮಾವನ್ನು ಆಗ ಮಲ್ಟಿಪ್ಲೆಕ್ಸಿನಲ್ಲೇ ನೋಡಿ, ಐವತ್ತು ರೂಪಾಯಿ ಹೆಚ್ಚಾದರೂ ಸರಿ.

ಸದ್ದು ಕಡಿಮೆಯೆನಿಸಿದರೆ ಗೊಣಗುತ್ತ ಕೂರಬೇಡಿ. ಥಿಯೇಟರಿನ ಸೌಂಡ್ ಪ್ರೊಸೆಸರಿನಲ್ಲಿ ಸಿನಿಮಾದ ಸದ್ದನ್ನು ಮಿಶ್ರಣ ಮಾಡುವಾಗ ಇಟ್ಟುಕೊಂಡ ಮಟ್ಟ 7. ಜಾಹೀರಾತು, ಟ್ರೇಲರುಗಳ ಅಬ್ಬರಕ್ಕೆ ಜನ ದೂರುತ್ತಾರೆಂದು ಆಪರೇಟರ್ ಅದನ್ನು 5ಕ್ಕೋ ಅದಕ್ಕಿಂತ ಕೆಳಗೋ ಇಳಿಸಿರುತ್ತಾನೆ, ಸಿನಿಮಾ ಶುರುವಾದ ಮೇಲೆ ಏರಿಸಲು ಮರೆತಿರುತ್ತಾನೆ. ಶುರುವಾದ ಐದು ನಿಮಿಷದೊಳಗೆ ಬಾಗಿಲಿನವರಿಗೆ ‘ಮಾತು ಕೇಳ್ತಿಲ್ಲ, ಅರ್ಧ ಪಾಯಿಂಟ್ ಏರಿಸೋಕೆ ಹೇಳಿ’ ಎಂದರೆ ಸಾಮಾನ್ಯವಾಗಿ ಆಗುತ್ತದೆ. ಇಂಟರ್ವಲ್ ತನಕ ಕಾದರೆ ಅರ್ಧ ಸಿನಿಮಾ ಹೋಯಿತು.

ಮೊದಲ ಶೋ ಏಕೆ ತಡವಾಗುತ್ತದೆ

ಶುಕ್ರವಾರ ಬೆಳಿಗ್ಗೆ ಜನ ಬಂದು ಕೂತರೂ ಪರದೆ ಬೆಳಗದಿದ್ದರೆ ಪ್ರೊಜೆಕ್ಟರ್ ಕೆಟ್ಟಿದೆ ಎಂದೇ ಎಲ್ಲರ ಊಹೆ. ಬಹಳ ಸಲ ಯಂತ್ರ ಸರಿಯಿರುತ್ತದೆ. ಈಗ ಸಿನಿಮಾ ರೀಲಿನಲ್ಲಿ ಬರುವುದಿಲ್ಲ, ಬೀಗ ಹಾಕಿದ ಡಿಜಿಟಲ್ ಕಡತವಾಗಿ ಬರುತ್ತದೆ. ಆ ಬೀಗ ತೆರೆಯುವ ಕೀಲಿಯನ್ನು, ಅಂದರೆ ಕೆಡಿಎಂ ಅನ್ನು, ಆಯಾ ಪ್ರೊಜೆಕ್ಟರಿಗೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಪ್ರತ್ಯೇಕವಾಗಿ ಕಳಿಸುತ್ತಾರೆ. ಈ ಕಡತಗಳನ್ನು ಥಿಯೇಟರಿಗೆ ತಲುಪಿಸುವ ಕ್ಯೂಬ್, ಯುಎಫ್‌ಒದಂಥ ಕಂಪನಿಗಳಿಗೆ ನಿರ್ಮಾಪಕರು ಕಟ್ಟಬೇಕಾದ ಹಣ ಬಾಕಿಯಿದ್ದರೆ, ಫೈನಾನ್ಶಿಯರ್ ತಕರಾರು ತೆಗೆದರೆ, ಕೀಲಿ ಬರುವುದು ತಡ. ಚಿಕ್ಕ ಸಿನಿಮಾಗಳಿಗೆ ಇದು ಹೆಚ್ಚು. ಆದ್ದರಿಂದ ಐವತ್ತು ಅರವತ್ತು ಕಿಲೋಮೀಟರ್ ದೂರದಿಂದ ಬರುವವರು ಬಿಡುಗಡೆಯ ದಿನದ ಮಾರ್ನಿಂಗ್ ಶೋಗೆ ಬರಲೇಬಾರದು. ಅದೇ ದಿನ ನೋಡಲೇಬೇಕೆಂದರೆ ಮ್ಯಾಟ್ನಿ ಇಟ್ಟುಕೊಳ್ಳಿ, ಬೆಳಗಿನ ಶೋ ಶುರುವಾಯಿತೇ ಎಂದು ಹನ್ನೊಂದಕ್ಕೆ ಥಿಯೇಟರಿಗೆ ಫೋನ್ ಮಾಡಿ ಹೊರಡಿ.

ಜನ ಸಾಲದೆ ಶೋ ರದ್ದಾಗುವುದೂ ಉಂಟು, ಸೋಮವಾರದಿಂದ ಗುರುವಾರದ ನಡುವೆ ವಿಶೇಷವಾಗಿ. ಆನ್‌ಲೈನಿನಲ್ಲಿ ಕೊಂಡಿದ್ದರೆ ಹಣ ಕೊಟ್ಟ ದಾರಿಯಲ್ಲೇ ವಾಪಸ್ ಬರುತ್ತದೆ. ರದ್ದಾದ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಿ. ಕೌಂಟರ್ ಟಿಕೆಟಾದರೆ ಹೊರಡುವ ಮುನ್ನವೇ ಕೇಳಿ ಪಡೆಯಿರಿ.

ತಮಾಷೆಯ ದೃಶ್ಯವನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್‌ಗೆ ಹಾಕುವ ಚಪಲ ಬೇಡ. ಥಿಯೇಟರಿನಲ್ಲಿ ಸಿನಿಮಾ ರೆಕಾರ್ಡ್ ಮಾಡುವುದಕ್ಕೆ 2023ರ ತಿದ್ದುಪಡಿಯಲ್ಲಿ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇದೆ.

ಘಟ್ಟದ ಅಂಚಿನಿಂದ ಬರುವವರಿಗೆ

ಶಿವಮೊಗ್ಗದಿಂದ ಭದ್ರಾವತಿ ಸುಮಾರು 20 ಕಿಲೋಮೀಟರ್, ಚಿಂತೆಯಿಲ್ಲ. ತೀರ್ಥಹಳ್ಳಿ ಸುಮಾರು 60, ಸಾಗರ 70ರ ಮೇಲೆ. ಈ ದೂರಕ್ಕೆ ಬಸ್ಸನ್ನು ನಂಬಿದವರು ಸಿನಿಮಾವನ್ನಲ್ಲ, ವಾಪಸಾಗುವ ಬಸ್ಸನ್ನು ಮೊದಲು ಆರಿಸಬೇಕು. ಮ್ಯಾಟ್ನಿ ಮುಗಿಯುವುದು ನಾಲ್ಕರ ಹೊತ್ತಿಗೆ. ಊರಿನ ಬಸ್ಸಿಗೆ ಧಾರಾಳ ಸಮಯ. ನಾಲ್ಕೂವರೆಯದು ಮುಗಿದು ಬಸ್‌ಸ್ಟ್ಯಾಂಡ್ ತಲುಪುವಾಗ ಏಳೂವರೆ ದಾಟಿರುತ್ತದೆ. ತಾಲ್ಲೂಕು ಕೇಂದ್ರದವರೆಗೆ ಬಸ್ಸು ಸಿಕ್ಕೀತು, ಅಲ್ಲಿಂದ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಸಿಗುವುದು ಅನುಮಾನ. ತಾಲ್ಲೂಕು ಕೇಂದ್ರದಲ್ಲಿ ಬೈಕು ನಿಲ್ಲಿಸಿ ಬಂದರೆ ಈ ತಲೆನೋವು ತಪ್ಪುತ್ತದೆ. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಿಂದ ಇದ್ದರೂ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಮಲೆನಾಡಿನ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸೇ ಆದ್ದರಿಂದ ಚಾರ್ಜು ಲೆಕ್ಕದಲ್ಲಿಡಿ.

ಆಗುಂಬೆ ಸುತ್ತಿನವರಿಗೆ ಶಿವಮೊಗ್ಗ 90 ಕಿಲೋಮೀಟರಿನಷ್ಟು, ಉಡುಪಿ 55ರ ಆಸುಪಾಸು. ಘಟ್ಟ ಇಳಿದರೆ ಉಡುಪಿ, ಮಣಿಪಾಲದ ಪರದೆಗಳು ಸಿಗುತ್ತವೆ, ಜೊತೆಗೆ ತುಳು ಹಾಸ್ಯಚಿತ್ರಗಳೂ. ತುಳು ಅರ್ಧಂಬರ್ಧ ಬಂದರೂ ಸಾಕು, ಅವರ ನಾಟಕದ ಹಾಸ್ಯ ಮೈಕೈಯಲ್ಲೇ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಮಾತ್ರ ರಾತ್ರಿ ಶೋ ಮುಗಿಸಿ ಮಂಜು ಕವಿದ ಘಟ್ಟ ಹತ್ತುವ ಸಾಹಸ ಬೇಡ. ಮಣ್ಣು ಜರಿದು ದಾರಿ ಬಂದ್ ಆಗುವುದೂ ಇದೆ.

ಅಡಿಕೆ ಗೊನೆ ಕೊಯ್ಲಿನ ತಿಂಗಳುಗಳಲ್ಲಿ ಬೆಳೆಗಾರರಿಗೆ ಭಾನುವಾರವೂ ಬಿಡುವಿಲ್ಲ. ಅಂಥವರು ಶುಕ್ರವಾರದ ಮ್ಯಾಟ್ನಿಯನ್ನೇ ನೆಚ್ಚಿಕೊಳ್ಳಬಹುದು: ಪೇಟೆ ಕೆಲಸ ಮುಗಿಸಿ ನೇರ ಥಿಯೇಟರು. ಎರಡು ವರ್ಷಕ್ಕೊಮ್ಮೆ ಬರುವ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಯ ವಾರಗಳಲ್ಲಿ ಆಯಾ ಊರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.

ತಪ್ಪಿಹೋದರೆ: ಮನೆಯಲ್ಲಿ

ಇಷ್ಟಾದರೂ ಕೆಲವು ತಪ್ಪುತ್ತವೆ. ಓಟಿಟಿಗೆ ಬರುವುದಕ್ಕೆ ಕನ್ನಡದಲ್ಲಿ ನಿಶ್ಚಿತ ಗಡುವು ಇಲ್ಲ. ಕೆಲವು ಒಂದು ತಿಂಗಳಿಗೆ ಬರುತ್ತವೆ, ಕೆಲವಕ್ಕೆ ವರ್ಷವಾದರೂ ಕೊಳ್ಳುವವರಿಲ್ಲ. ಬಂದಾಗ ಫೋನಿನಲ್ಲಿ ಒಬ್ಬರೇ ನೋಡುವುದಕ್ಕಿಂತ ಜಗುಲಿಯಲ್ಲಿ ಮನೆಮಂದಿಯೆಲ್ಲ ಕೂತು ನೋಡುವುದು ಹಾಸ್ಯಕ್ಕೆ ಒಪ್ಪುತ್ತದೆ. ಪ್ರೊಜೆಕ್ಟರ್ ಕೊಳ್ಳುವವರು ಎರಡು ವಿಷಯದಲ್ಲಿ ಮೋಸಹೋಗುತ್ತಾರೆ.

ಮೊದಲನೆಯದು ಬೆಳಕು. ಪೆಟ್ಟಿಗೆಯ ಮೇಲೆ ಬರೆದ ‘9000 ಲ್ಯೂಮೆನ್ಸ್’ ನೋಡಬೇಡಿ, ‘ಆನ್ಸಿ ಲ್ಯೂಮೆನ್ಸ್’, ಅಂದರೆ ಗೊತ್ತುಮಾಡಿದ ಮಾನದಂಡದಲ್ಲಿ ಅಳೆದ ಬೆಳಕು, ಎಷ್ಟೆಂದು ಕೇಳಿ. ಕತ್ತಲ ಕೋಣೆಯಲ್ಲಿ 80 ಇಂಚಿನ ಚಿತ್ರಕ್ಕೆ 300ರಿಂದ 500 ಆನ್ಸಿ ಬೇಕು, ಬೀದಿದೀಪದ ಬೆಳಕು ಬೀಳುವ ಅಂಗಳಕ್ಕೆ ಸಾವಿರದ ಮೇಲೆ. ಎರಡನೆಯದು ಪರವಾನಗಿ. ಅಗ್ಗದ ಪ್ರೊಜೆಕ್ಟರುಗಳಲ್ಲಿ ಓಟಿಟಿ ಆ್ಯಪ್ ತೆರೆಯುತ್ತದೆ, ಆದರೆ ಎಚ್‌ಡಿ ಚಿತ್ರ ತೋರಿಸಲು ಬೇಕಾದ ನಕಲು ತಡೆಯ ಪರವಾನಗಿ, ವೈಡ್‌ವೈನ್ ಎಲ್1, ಇಲ್ಲದ್ದರಿಂದ ಚಿತ್ರ 480ಪಿಗೆ ನಿಂತು ಮಸುಕಾಗಿ ಕಾಣುತ್ತದೆ. ಅಧಿಕೃತ ಟೀವಿ ಸ್ಟಿಕ್ ಒಂದನ್ನು ಎಚ್‌ಡಿಎಂಐಗೆ ಚುಚ್ಚಿದರೆ ಪರಿಹಾರ. ಫೋನಿನಲ್ಲಿ ಡೌನ್‌ಲೋಡ್ ಮಾಡಿಟ್ಟ ಸಿನಿಮಾವನ್ನು ಪರದೆಗೆ ಕಳಿಸುತ್ತೇವೆಂದರೆ ಬಹುತೇಕ ಆ್ಯಪ್‌ಗಳು ಬಿಡುವುದಿಲ್ಲ, ಸದ್ದು ಬಂದು ಚಿತ್ರ ಕಪ್ಪಾಗುತ್ತದೆ. ಎಚ್‌ಡಿಯಲ್ಲಿ ನೇರ ನೋಡಿದರೆ ಗಂಟೆಗೆ 3 ಜಿಬಿವರೆಗೆ ಡೇಟಾ ಬೇಕು. ನೆಟ್‌ವರ್ಕ್ ಒಂದು ಕಡ್ಡಿ ಮಾತ್ರ ಸಿಗುವ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಇಲ್ಲದೆ ಇದು ಆಗದ ಕೆಲಸ.

ಅಳತೆ ಹೀಗೆ: 100 ಇಂಚಿನ ಪರದೆ ಎಂದರೆ 221 ಸೆಂಟಿಮೀಟರ್ ಅಗಲ, 125 ಸೆಂಟಿಮೀಟರ್ ಎತ್ತರ. ಪ್ರೊಜೆಕ್ಟರಿನ ಥ್ರೋ ರೇಷಿಯೊ (ಚಿತ್ರದ ಅಗಲದ ಎಷ್ಟು ಪಟ್ಟು ದೂರದಲ್ಲಿಡಬೇಕು ಎಂಬ ಅಂಕಿ) 1.2 ಇದ್ದರೆ ಅಗಲವನ್ನು ಅದರಿಂದ ಗುಣಿಸಿ, ಸುಮಾರು 2.65 ಮೀಟರ್ ದೂರದಲ್ಲಿಡಿ. ಬಿಳಿ ಪಂಚೆ ಕಟ್ಟಿದರೆ ಬೆಳಕು ಹಿಂದಕ್ಕೆ ಸೋರುತ್ತದೆ. ಪಂಚೆಯ ಹಿಂದೆ ಕಪ್ಪು ಬಟ್ಟೆ ಸೇರಿಸಿ, ಇಲ್ಲವೇ ಸುಣ್ಣ ಹೊಡೆದ ಸಪಾಟು ಗೋಡೆಗೇ ಬಿಡಿ. ಒಳಗಿನ ಸ್ಪೀಕರಿನಲ್ಲಿ ಮಾತು ಕೇಳುವುದಿಲ್ಲ. ಬ್ಲೂಟೂತ್ ಸ್ಪೀಕರಾದರೆ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ, ಹಾಸ್ಯಕ್ಕೆ ಅಷ್ಟು ಸಾಕು ಕೆಡಲು. ವೈರ್ ಹಾಕಿಯೇ ಜೋಡಿಸಿ, ಸ್ಪೀಕರನ್ನು ಪರದೆಯ ಬುಡದಲ್ಲಿಡಿ.

ಮಳೆಗಾಲದಲ್ಲಿ ಕರೆಂಟ್ ಇರುವುದಿಲ್ಲ ಎಂದೇ ಹಿಡಿದು ಹೊರಡಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ 1800 ವ್ಯಾಟ್‌ಅವರ್. ಬ್ಯಾಟರಿ ಬಾಳಿಕೆ ಉಳಿಯಬೇಕೆಂದರೆ ಅರ್ಧ ಮಾತ್ರ ಬಳಸಿ, ಅಂದರೆ 900. ಪ್ರೊಜೆಕ್ಟರು, ಸ್ಪೀಕರು, ರೂಟರು, ಇನ್ವರ್ಟರಿನ ನಷ್ಟ ಎಲ್ಲ ಸೇರಿ 300 ವ್ಯಾಟ್ ಎಂದರೂ ಮೂರು ಗಂಟೆ ಬರುತ್ತದೆ. ಆ ಹೊತ್ತಿಗೆ ಫ್ರಿಜ್ಜು, ಮಿಕ್ಸಿ ಇನ್ವರ್ಟರ್ ಲೈನಿನಲ್ಲಿ ಇರಕೂಡದು.

ಊರಿಗೆಲ್ಲ ತೋರಿಸುವ ಉತ್ಸಾಹ ಬಂದರೆ ನಿಲ್ಲಿ. ಓಟಿಟಿ ಚಂದಾ ಮನೆಯ ಬಳಕೆಗೆ ಮಾತ್ರ. ಗಣಪತಿ ಪೆಂಡಾಲಿನಲ್ಲಿ ತೋರಿಸಬೇಕೆಂದರೆ ಹಕ್ಕುಳ್ಳವರ ಒಪ್ಪಿಗೆ ಬೇಕು, ಸಾರ್ವಜನಿಕ ಪ್ರದರ್ಶನಕ್ಕೆ ಆಡಳಿತದ ಅನುಮತಿ ಬೇಕು. ಚಿಕ್ಕ ಸಿನಿಮಾದ ನಿರ್ಮಾಪಕರಿಗೆ ನೇರವಾಗಿ ಬರೆದರೆ ಕೆಲವರು ಅಲ್ಪ ಶುಲ್ಕಕ್ಕೆ ಒಪ್ಪುತ್ತಾರೆ. ನಿಯಮಿತವಾಗಿ ಮಾಡುವ ಆಸೆಯಿದ್ದರೆ ಚಿತ್ರಸಮಾಜ ಕಟ್ಟಿಕೊಂಡು ಸದಸ್ಯರಿಗೆ ಮಾತ್ರ ತೋರಿಸುವ ದಾರಿ ಇದೆ. ಸಾಗರದ ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ 1973ರಷ್ಟು ಹಿಂದೆಯೇ ಚಿತ್ರಸಮಾಜ ಶುರುಮಾಡಿತ್ತು. ಆಗ ರೀಲಿನ ಡಬ್ಬ ತರಿಸಬೇಕಿತ್ತು, ಈಗ ಒಂದು ಒಪ್ಪಿಗೆ ಪತ್ರ ಮತ್ತು ಪೆನ್‌ಡ್ರೈವ್.

ಆಟ ಮುಗಿದ ಮೇಲೆ ಪ್ರೊಜೆಕ್ಟರನ್ನು ಬಿಸಿ ಆರುವವರೆಗೆ ಹಾಗೇ ಬಿಟ್ಟು, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ಇಲ್ಲಿನ ತೇವಕ್ಕೆ ಜೂನ್‌ನಲ್ಲಿ ಹಾಗೇ ಬಿಟ್ಟ ಲೆನ್ಸಿನ ಮೇಲೆ ಗಣೇಶ ಚೌತಿಯ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಜೆಲ್ಲಿನ ಹರಳು ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ತಿರುಗಿ ತರಬೇಡಿ.